ನಿಮ್ಮ ಗ್ರಹದಲ್ಲಿ ನೀರಿಗೇನು ಬೆಲೆ?

ಸ್ಟಾರ್ ವಾರ್ಸ್ ಲೋಕವನ್ನು ಹಿಡಿದು ಕನ್ನಡದಲ್ಲಿ ಕಥೆ ಬರೆಯುತ್ತಿರುವ ಗೆಳೆಯ ಗೆಳತಿಯರಿಗೆ,



ನಿಮ್ಮ ಕಥೆಗಳನ್ನು ಆಸೆಯಿಂದ ಓದುತ್ತ ಬಂದವರಲ್ಲಿ ನಾನೂ ಒಬ್ಬ. ಫ್ಯಾನ್ ಫಿಕ್ಷನ್ ಎಂದರೆ ನಿಜವಾದ ಬರವಣಿಗೆಗೆ ಮುಂಚಿನ ಕೈತಿದ್ದುವಿಕೆ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಬೇರೆಯವರು ಹುಟ್ಟಿಸಿದ ಪಾತ್ರವನ್ನು ತನ್ನದೆಂಬಂತೆ ಸಾಕಿ, ಅದರ ಮಾತಿನ ಧಾಟಿ ಕೆಡದಂತೆ ಹೊಸ ಸಂಕಟಕ್ಕೆ ನೂಕುವುದು ಸುಲಭದ ಕೆಲಸವಲ್ಲ. ಆ ಕೆಲಸವನ್ನು ನಿಮ್ಮಲ್ಲಿ ಹಲವರು ಚೆನ್ನಾಗಿ ಮಾಡುತ್ತಿದ್ದೀರಿ. ನನಗೆ ಕೊರತೆ ಕಾಣುತ್ತಿರುವುದು ಆ ಪಾತ್ರಗಳು ನಿಂತಿರುವ ನೆಲದಲ್ಲಿ. ಅದಕ್ಕಾಗಿಯೇ ಈ ಪತ್ರ.

ಹೆಚ್ಚಿನ ಕಥೆಗಳು ಶುರುವಾಗುವ ರೀತಿ ಒಂದೇ. ಮೊದಲು ಗ್ರಹದ ಹೆಸರು. ಅದಕ್ಕೆ ಎಷ್ಟು ಚಂದ್ರರು, ಯಾವ ಯಾವ ರಾಜಮನೆತನ, ಅವುಗಳ ನಡುವೆ ಹಿಂದೆಂದೋ ನಡೆದ ಯುದ್ಧ. ಆಮೇಲೆ ನೌಕೆಯ ಮಾದರಿ, ಅದರ ಫಿರಂಗಿಗಳ ಲೆಕ್ಕ. ಎರಡು ಪುಟ ಕಳೆದರೂ ಹಸಿದ ಒಂದು ಜೀವ ಕಣ್ಣಿಗೆ ಬೀಳುವುದಿಲ್ಲ. ಇಷ್ಟೆಲ್ಲ ಕಲ್ಪಿಸಿಕೊಳ್ಳಲು ನೀವು ಎಷ್ಟು ರಾತ್ರಿ ನಿದ್ದೆಗೆಟ್ಟಿರಬಹುದು ಎಂಬುದು ನನಗೆ ಅರ್ಥವಾಗುತ್ತದೆ. ಆದರೂ ಆ ಗ್ರಹ ಕಾಗದದ ಮೇಲೇ ಉಳಿದುಬಿಡುತ್ತದೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ನಿಮ್ಮ ಕೈಗೆ ಬಂದಿರುವ ಲೋಕದಲ್ಲಿ ಸಂಗತಿಗಳಿಗೆ ಬರವಿಲ್ಲ. ಅದರಲ್ಲಿ ಒಂದನ್ನು ಹಿಡಿಯಿರಿ. ಅದರಿಂದ ಸಾಮಾನ್ಯರ ಮನೆಯಲ್ಲಿ, ದುಡಿಮೆಯಲ್ಲಿ, ಸಾವಿನಲ್ಲಿ ಏನೇನಾಗುತ್ತದೆ ಎಂಬುದನ್ನು ಕೊನೆತನಕ ಬೆನ್ನುಹತ್ತಿ ಹೋಗಿ.

1977ರ ಮೊದಲ ಚಿತ್ರವನ್ನೇ ನೋಡಿ. ಟ್ಯಾಟೂಯಿನ್ ಎಂಬ ಮರಳುಗಾಡಿನ ಗ್ರಹ, ಎರಡು ಸೂರ್ಯರು. ಕಥಾನಾಯಕ ಲ್ಯೂಕ್‌ನ ಚಿಕ್ಕಪ್ಪ ಓವನ್ ಅಲ್ಲಿ ತೇವ ಬೆಳೆಯುವ ರೈತ; ಗಾಳಿಯಲ್ಲಿರುವ ತೇವವನ್ನು ಯಂತ್ರಗಳಿಂದ ಹಿಂಡಿ ನೀರು ತೆಗೆಯುವುದು ಅವನ ಕಸುಬು. ಗುಜರಿ ಆಯುವ ಜಾವಾಗಳು ಯಂತ್ರಮಾನವರಾದ ಡ್ರಾಯ್ಡ್‌ಗಳನ್ನು ಮಾರಲು ತಂದಾಗ ಅವನು ಮುಖ್ಯವಾಗಿ ಕೇಳುವುದು ಎರಡು ವಿಷಯ: ನಮ್ಮ ನೀರಿನ ಯಂತ್ರಗಳ ಭಾಷೆ ಇದಕ್ಕೆ ಬರುತ್ತದೆಯೇ, ಬಾಚಿ ಎಂಬ ಭಾಷೆ ಗೊತ್ತೇ. ಬಾಚಿ ಎಂದರೇನು ಎಂದು ಚಿತ್ರ ವಿವರಿಸುವುದಿಲ್ಲ, ವಿವರಿಸುವ ಅಗತ್ಯವೂ ಇಲ್ಲ. ಈ ರೈತ ಜಿಪುಣ, ಕೆಲಸಗಾರರ ಅಭಾವದಲ್ಲಿದ್ದಾನೆ, ಹಳೆಯ ಸಾಮಾನಿನಲ್ಲೇ ಬದುಕುತ್ತಾನೆ ಎಂಬುದು ಅಷ್ಟರಲ್ಲೇ ತಿಳಿಯುತ್ತದೆ. ಲ್ಯೂಕ್ ಅಕಾಡೆಮಿಗೆ ಹೋಗುತ್ತೇನೆ ಎಂದಾಗ ಓವನ್ ತಡೆಯುವುದೂ ಇದೇ ಕಾರಣಕ್ಕೆ. ಸುಗ್ಗಿಗೆ ಕೈ ಸಾಲದು, ಇನ್ನೊಂದು ಹಂಗಾಮು ಇರು ಎನ್ನುತ್ತಾನೆ. ಇಡೀ ಗ್ಯಾಲಕ್ಸಿಯ ಭವಿಷ್ಯ ಹೊತ್ತ ಹುಡುಗ ಮನೆಯಲ್ಲೇ ಉಳಿದಿರುವುದು ನೀರಿನ ಸುಗ್ಗಿಯ ದೆಸೆಯಿಂದ. ಕಥೆಯ ಮೊದಲ ಗಂಟು ಬಿದ್ದಿರುವುದು ಜೀವನೋಪಾಯದಲ್ಲಿ. ನೀರು ಅಗ್ಗವಾಗಿದ್ದರೆ ಲ್ಯೂಕ್ ಆ ವರ್ಷವೇ ಹೊರಟುಬಿಡುತ್ತಿದ್ದ, ಆರ್2‌ಡಿ2 ಎಂಬ ಡ್ರಾಯ್ಡ್ ಅವನಿಗೆ ಸಿಗುತ್ತಲೇ ಇರಲಿಲ್ಲ.

ಆ ಚಿತ್ರದ ವಸ್ತುಗಳನ್ನೂ ಗಮನಿಸಿ. ಅದಕ್ಕೂ ಮುಂಚಿನ ಬಾಹ್ಯಾಕಾಶ ಚಿತ್ರಗಳಲ್ಲಿ ನೌಕೆಗಳು ಸಾಮಾನ್ಯವಾಗಿ ಅಂಗಡಿಯಿಂದ ಆಗತಾನೆ ತಂದಂತೆ ಹೊಳೆಯುತ್ತಿದ್ದವು. ನಿರ್ದೇಶಕ ಜಾರ್ಜ್ ಲ್ಯೂಕಸ್ ಬಳಸಿ ಸವೆದ ಲೋಕ ಬೇಕೆಂದ. ಕಲಾವಿದ ರಾಲ್ಫ್ ಮೆಕ್‌ಕ್ವಾರಿಯ ಚಿತ್ರಗಳು ಅದಕ್ಕೆ ದಾರಿ ತೋರಿಸಿದವು. ಮಾದರಿ ತಯಾರಿಸುವವರು ಅಂಗಡಿಯಲ್ಲಿ ಸಿಗುವ ಟ್ಯಾಂಕು, ವಿಮಾನಗಳ ಪ್ಲಾಸ್ಟಿಕ್ ಕಿಟ್‌ಗಳನ್ನು ಬಿಡಿಸಿ, ಆ ಚೂರುಗಳನ್ನು ನೌಕೆಗಳ ಮೈಗೆ ಅಂಟಿಸಿ, ಮೇಲೆ ಮಸಿ ಬಳಿದರು. ಹಾಗಾಗಿ ಮಿಲೇನಿಯಂ ಫಾಲ್ಕನ್ ನೌಕೆಯನ್ನು ನೋಡಿದ ಕೂಡಲೇ ಇದನ್ನು ಯಾರೋ ಎಷ್ಟೋ ಸಲ ರಿಪೇರಿ ಮಾಡಿದ್ದಾರೆ ಎಂದು ಮನಸ್ಸಿಗೆ ಹೊಳೆಯುತ್ತದೆ. ನೀವು ನೌಕೆಯನ್ನು ವರ್ಣಿಸುವಾಗ ಫಿರಂಗಿಗಳ ಸಂಖ್ಯೆಯನ್ನು ಬಿಟ್ಟು, ಅದರಲ್ಲಿ ಯಾವ ಭಾಗ ಪದೇ ಪದೇ ಕೆಡುತ್ತದೆ, ರಿಪೇರಿಗೆ ಯಾರ ಹತ್ತಿರ ಸಾಲ ಮಾಡಬೇಕು ಎಂದು ಬರೆಯಿರಿ.

ಲೋಕವನ್ನು ಹೇಗೆ ಕಟ್ಟಬೇಕು ಎಂದು ಕೇಳಿದವರಿಗೆಲ್ಲ ನಾನು ತೋರಿಸುವುದು ಫೆರಿಕ್ಸ್ ಪಟ್ಟಣವನ್ನು. ಟೋನಿ ಗಿಲ್‌ರಾಯ್ ರೂಪಿಸಿದ, 2022ರಲ್ಲಿ ಬಂದ ‘ಆಂಡೋರ್’ ಸರಣಿಯ ಊರು ಅದು. ಹಳೆಯ ನೌಕೆಗಳನ್ನು ಒಡೆದು ಭಾಗಗಳನ್ನು ಮಾರುವವರ ಊರು. ಅಲ್ಲಿ ಒಬ್ಬ ಗೋಪುರ ಹತ್ತಿ ಅಡಿಗಲ್ಲಿಗೆ ಸುತ್ತಿಗೆಯಿಂದ ಬಡಿದು ಹೊತ್ತು ಸಾರುತ್ತಾನೆ. ಕೆಲಸಗಾರರ ಕೈಗವಸುಗಳು ಗೋಡೆಯ ಮೇಲೆ ಸಾಲಾಗಿ ನೇತಾಡುತ್ತವೆ. ಯಾವ ಜಾಗ ಯಾರದು ಎಂದು ಎಲ್ಲರಿಗೂ ಗೊತ್ತು. ಹೊರಗಿನ ಪೊಲೀಸರು ಊರಿಗೆ ಕಾಲಿಟ್ಟರೆ ಜನ ಕೈಗೆ ಸಿಕ್ಕಿದ ಲೋಹವನ್ನು ಬಡಿಯತೊಡಗುತ್ತಾರೆ. ಆ ಸದ್ದು ಓಣಿಯಿಂದ ಓಣಿಗೆ ಹಬ್ಬುತ್ತದೆ. ಸತ್ತವರ ಬೂದಿಯನ್ನು ಸೇರಿಸಿ ಇಟ್ಟಿಗೆ ಮಾಡುತ್ತಾರೆ, ಆ ಇಟ್ಟಿಗೆಯನ್ನು ಊರಿನ ಗೋಡೆಗೇ ಸೇರಿಸುತ್ತಾರೆ.

ಇದರಲ್ಲಿ ಯಾವುದೂ ಅಲಂಕಾರಕ್ಕೆ ಇಟ್ಟದ್ದಲ್ಲ. ಲೋಹ ಒಡೆಯುವವರು ಎಚ್ಚರಿಕೆ ಕೊಡಲು ಲೋಹವನ್ನೇ ಬಡಿಯುವುದು ಸಹಜ. ಮರಣದ ನಂತರವೂ ಊರಿಗೆ ಉಪಯೋಗಕ್ಕೆ ಬರಬೇಕೆಂಬ ನಂಬಿಕೆ, ಯಾವುದನ್ನೂ ವ್ಯರ್ಥ ಮಾಡದೆ ಗುಜರಿಯಲ್ಲಿ ಬದುಕುವವರಲ್ಲಿ ತಾನಾಗಿ ಬೆಳೆಯುವಂಥದ್ದು. ಕಸುಬಿನಿಂದ ಆಚಾರ ಹುಟ್ಟಿದೆ, ಆಚಾರದಿಂದ ಕಥೆ. ಸರಣಿಯ ಮೊದಲ ಸೀಸನ್ನಿನ ಕೊನೆಯ ಕಂತಿನಲ್ಲಿ ಮಾರ್ವಾ ಎಂಬ ಮುದುಕಿಯ ಶವಯಾತ್ರೆ. ಜನ ಗುಂಪು ಸೇರುವುದಕ್ಕೆ ಗ್ಯಾಲಕ್ಸಿಯನ್ನು ಆಳುವ ಸಾಮ್ರಾಜ್ಯ ಹೆದರುತ್ತದೆ, ಆದರೂ ಶವಯಾತ್ರೆಗೆ ಪೂರ್ತಿ ಇಲ್ಲ ಎನ್ನಲಾರದು, ಷರತ್ತು ಹಾಕಿ ಒಪ್ಪುತ್ತದೆ. ಗೋಪುರದವನು ಬಡಿಯುತ್ತಾನೆ, ಬ್ಯಾಂಡು ಹೊರಡುತ್ತದೆ, ಸತ್ತವಳು ತಾನೇ ಮೊದಲು ಧ್ವನಿಮುದ್ರಿಸಿಟ್ಟ ಮಾತಿನಿಂದ ಊರನ್ನು ಎಬ್ಬಿಸುತ್ತಾಳೆ. ಗಲಾಟೆ ಶುರುವಾದಾಗ ಅವಳ ಸ್ನೇಹಿತ ಬ್ರಾಸೋ ಅವಳ ಬೂದಿಯ ಇಟ್ಟಿಗೆಯಿಂದಲೇ ಸೈನಿಕನಿಗೆ ಹೊಡೆಯುತ್ತಾನೆ. ಆ ಹೊಡೆತದ ಹೊತ್ತಿಗೆ ನೋಡುವವರ ಮೈ ಜುಮ್ಮೆನ್ನಬೇಕಾದರೆ ಇಟ್ಟಿಗೆಯ ಸಂಗತಿ ಮೊದಲೇ ತಿಳಿದಿರಬೇಕು. ತಿಳಿದಿದೆ, ಆದರೆ ಯಾರೂ ಪಾಠ ಹೇಳಿಲ್ಲ.

ಅದೇ ಸರಣಿಯ ನಾರ್ಕೀನಾ 5 ಸೆರೆಮನೆಯೂ ಹೀಗೇ. ಅಲ್ಲಿನ ಕಟ್ಟಳೆ ಒಂದೇ: ನೆಲಕ್ಕೆ ವಿದ್ಯುತ್ ಹರಿಸಬಹುದು. ಕೈದಿಗಳು ಬರಿಗಾಲಲ್ಲಿರಬೇಕು, ಕಾವಲುಗಾರರಿಗೆ ಬೂಟು. ಈ ಒಂದು ಕಟ್ಟಳೆಯಿಂದ ಉಳಿದದ್ದೆಲ್ಲ ಬರುತ್ತದೆ. ಸಾವಿರಾರು ಕೈದಿಗಳಿಗೆ ಬೆರಳೆಣಿಕೆಯ ಕಾವಲುಗಾರರು ಸಾಕಾಗುವುದು ಅದರಿಂದ, ರಾತ್ರಿ ಯಾರೂ ಹಾಸಿಗೆ ಬಿಟ್ಟು ಇಳಿಯದಿರುವುದು ಅದರಿಂದ, ಜಿಗುಪ್ಸೆ ಹುಟ್ಟಿದವನು ಸಾಯಲು ಆರಿಸಿಕೊಳ್ಳುವ ದಾರಿಯೂ ಅದೇ. ಬಿಡುಗಡೆಯ ಉಪಾಯವೂ ಅದರೊಳಗೇ ಅಡಗಿದೆ: ನೀರು ಹರಿಸಿದರೆ ವಿದ್ಯುತ್ ಕೆಡುತ್ತದೆ. ಹೊಸ ಆಯುಧ ಹಿಡಿದು ಹೊರಗಿನಿಂದ ಯಾರೂ ಬರಲಿಲ್ಲ. ನಿಮ್ಮ ಕಥೆಯಲ್ಲಿ ಐದು ವಿಚಿತ್ರ ಕಟ್ಟಳೆಗಳಿದ್ದರೆ ನಾಲ್ಕನ್ನು ತೆಗೆದುಹಾಕಿ, ಉಳಿದ ಒಂದನ್ನು ಹೀಗೆ ದುಡಿಸಿಕೊಳ್ಳಿ ಎಂಬುದು ನನ್ನ ಒತ್ತಾಯ.

ಕಟ್ಟಳೆ ಮುರಿಯುವುದರ ಬಗ್ಗೆ ಒಂದು ಎಚ್ಚರಿಕೆ. 2017ರ ‘ದಿ ಲಾಸ್ಟ್ ಜೆಡೈ’ಯಲ್ಲಿ ಹೋಲ್ಡೋ ಎಂಬ ಸೇನಾಧಿಕಾರಿ ತನ್ನ ನೌಕೆಯನ್ನು ಹೈಪರ್‌ಸ್ಪೇಸ್ ವೇಗದಲ್ಲಿ ಶತ್ರುನೌಕೆಗೆ ನುಗ್ಗಿಸುತ್ತಾಳೆ. ಸದ್ದು ನಿಂತುಹೋಗುವ ಆ ಕ್ಷಣ ಇಡೀ ಸರಣಿಯಲ್ಲೇ ಅತ್ಯಂತ ಸುಂದರ ದೃಶ್ಯಗಳಲ್ಲಿ ಒಂದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹೊರಗೆ ಬಂದ ಕೂಡಲೇ ಪ್ರಶ್ನೆ ಏಳುತ್ತದೆ. ಇದು ಸಾಧ್ಯವಿದ್ದರೆ ಮೊದಲ ಚಿತ್ರದ ಡೆತ್ ಸ್ಟಾರ್ ಎಂಬ ಆಯುಧದ ಮೇಲೆ ಒಂದು ಖಾಲಿ ನೌಕೆಯನ್ನು ಹೀಗೆ ನುಗ್ಗಿಸಬಹುದಿತ್ತಲ್ಲ? ಅಷ್ಟೊಂದು ಹುಡುಗರು ಸಾಯಬೇಕಿತ್ತೇ? 2019ರ ಚಿತ್ರ ಅದು ಹತ್ತು ಲಕ್ಷಕ್ಕೊಂದು ಸಲ ಸಿಗುವ ಯಶಸ್ಸು ಎಂಬರ್ಥದ ಒಂದು ಮಾತು ಹೇಳಿ ದಾಟಿಹೋಯಿತು. ಒಂದು ಮಾತು ಅಷ್ಟು ದೊಡ್ಡ ಬಿರುಕನ್ನು ಮುಚ್ಚಲಿಲ್ಲ. ಫೋರ್ಸ್‌ನಿಂದ ಹೊಸದೊಂದು ಶಕ್ತಿ ಬಂತು, ಹೊಸ ಇಂಜಿನ್ ಸಿಕ್ಕಿತು ಎಂದು ಬರೆಯುವ ಮುಂಚೆ, ಇದು ಮೊದಲೇ ಇದ್ದಿದ್ದರೆ ಯಾರು ಬಳಸಿಕೊಳ್ಳುತ್ತಿದ್ದರು, ಯಾಕೆ ಬಳಸಲಿಲ್ಲ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಉತ್ತರ ಸಿಕ್ಕಿದರೆ ಬಹುಪಾಲು ಆ ಉತ್ತರವೇ ನಿಮ್ಮ ಕಥೆಯಾಗಿರುತ್ತದೆ.

ಇದಕ್ಕೆ ವಿರುದ್ಧವಾಗಿ, ಬಿರುಕನ್ನೇ ಕಥೆಯಾಗಿಸಿದ ನಿದರ್ಶನಗಳೂ ಇದೇ ಲೋಕದಲ್ಲಿವೆ, ಅವು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಮಿಲೇನಿಯಂ ಫಾಲ್ಕನ್ ನೌಕೆಯ ಒಡೆಯ ಹ್ಯಾನ್ ಸೋಲೋ ಕೆಸೆಲ್ ಓಟ ಎಂಬ ಕಳ್ಳಸಾಗಣೆಯ ದಾರಿಯನ್ನು ಹನ್ನೆರಡಕ್ಕೂ ಕಡಿಮೆ ಪಾರ್ಸೆಕ್‌ಗಳಲ್ಲಿ ಮುಗಿಸಿದ್ದೇನೆ ಎಂದು ಕೊಚ್ಚಿಕೊಳ್ಳುತ್ತಾನೆ. ಪಾರ್ಸೆಕ್ ಎಂದರೆ ದೂರದ ಅಳತೆ, ಸುಮಾರು 3.26 ಜ್ಯೋತಿರ್ವರ್ಷ, ಅವನು ಅದನ್ನು ಕಾಲದ ಅಳತೆಯಂತೆ ಆಡಿದ. ಅಭಿಮಾನಿಗಳು ದಶಕಗಳ ಕಾಲ ಅದನ್ನು ಎತ್ತಿ ಆಡಿದರು. 2018ರ ‘ಸೋಲೋ’ ಚಿತ್ರ ಆ ತಪ್ಪನ್ನೇ ಘಟನೆಯಾಗಿಸಿತು: ಎಲ್ಲರೂ ಸುತ್ತುಬಳಸಿ ಹೋಗುವ ಅಪಾಯದ ಜಾಗವನ್ನು ಅವನು ಸೀಳಿಕೊಂಡು ಹೋಗಿ ದೂರವನ್ನೇ ಕಡಿಮೆ ಮಾಡಿದ. ಇದಕ್ಕಿಂತ ಮೇಲಿನದು 2016ರ ‘ರೋಗ್ ಒನ್’. ಗ್ರಹವನ್ನೇ ಪುಡಿಮಾಡುವ ಡೆತ್ ಸ್ಟಾರ್ ಒಂದು ಸಣ್ಣ ಕಿಂಡಿಯಿಂದ ನಾಶವಾಗುವುದೆಂದರೆ ಅದನ್ನು ಕಟ್ಟಿದವರು ಅಷ್ಟು ದಡ್ಡರೇ ಎಂಬ ಪ್ರಶ್ನೆ 1977ರಿಂದಲೂ ಇತ್ತು. ಆ ಚಿತ್ರ ಕೊಟ್ಟ ಉತ್ತರ ಒಬ್ಬ ತಂದೆ. ಗೇಲನ್ ಎರ್ಸೋ ಬಲವಂತಕ್ಕೆ ಸಿಕ್ಕಿ ಆ ಆಯುಧ ಕಟ್ಟುತ್ತಾನೆ, ಕಟ್ಟುತ್ತಲೇ ಅದರ ಹೊಟ್ಟೆಯಲ್ಲಿ ಬೇಕೆಂದೇ ದೌರ್ಬಲ್ಯವೊಂದನ್ನು ಬಚ್ಚಿಡುತ್ತಾನೆ. ಎಂಜಿನಿಯರಿಂಗ್ ದೋಷವೆಂದು ಜನ ಆಡಿಕೊಂಡದ್ದು ಒಬ್ಬ ಮನುಷ್ಯನ ಮೌನ ಪ್ರತಿಭಟನೆಯಾಯಿತು. ಮೂಲ ಚಿತ್ರದ ಒಂದು ಅಕ್ಷರವೂ ಬದಲಾಗಲಿಲ್ಲ, ಆದರೆ ಅದರ ಕೊನೆಯ ಸ್ಫೋಟವನ್ನು ಈಗ ಮೊದಲಿನಂತೆ ನೋಡಲು ಆಗುವುದಿಲ್ಲ. ಫ್ಯಾನ್ ಫಿಕ್ಷನ್ ಮಾಡಬಹುದಾದ ಅತ್ಯುತ್ತಮ ಕೆಲಸ ಇದು. ಮೂಲದಲ್ಲಿ ಬಿರುಕು ಕಂಡರೆ ಬೈಯಬೇಡಿ. ಅಲ್ಲೊಬ್ಬ ಮನುಷ್ಯ ಇದ್ದಿರಬಹುದೇ ಎಂದು ನೋಡಿ.

ಹಾಗೆ ಯಾರೂ ಇಳಿಯದೆ ಬಿಟ್ಟ ಜಾಗಗಳು ಬೇಕಾದಷ್ಟಿವೆ. 1999ರ ‘ದಿ ಫ್ಯಾಂಟಮ್ ಮೆನಸ್’ ಶುರುವಾಗುವುದೇ ವ್ಯಾಪಾರ ಮಾರ್ಗಗಳ ಮೇಲಿನ ತೆರಿಗೆಯ ಜಗಳದಿಂದ. ಅದು ಬೇಸರದ ವಿಷಯ ಎಂದು ಎಷ್ಟೋ ಜನ ದೂರಿದರು. ನನ್ನ ಮಟ್ಟಿಗೆ ಅದು ಇಡೀ ಸರಣಿಯ ಅತ್ಯಂತ ಗಟ್ಟಿಯಾದ ಯೋಚನೆ. ಹೈಪರ್‌ಸ್ಪೇಸ್ ದಾರಿಗಳು ಹಾದುಹೋಗುವ ಗ್ರಹಗಳಿಗೆ ಸಂಪತ್ತು, ದೂರದ ಅಂಚಿನವಕ್ಕೆ ಬಡತನ. ದಾರಿ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ಅಧಿಕಾರ. ಚಿತ್ರ ಸೋತದ್ದು ಬೇರೆ ಕಡೆ. ನಬೂ ಗ್ರಹಕ್ಕೆ ದಿಗ್ಬಂಧನ ಹಾಕುತ್ತಾರೆ, ಜನ ಸಾಯುತ್ತಿದ್ದಾರೆ ಎಂದು ರಾಣಿಗೆ ಸುದ್ದಿ ಬರುತ್ತದೆ. ಆದರೆ ಸರಕು ನಿಂತ ಮೂರನೆಯ ದಿನ ಅಲ್ಲಿನ ಸಂತೆಯಲ್ಲಿ ಏನು ಮಾಯವಾಯಿತು, ಯಾವ ತಾಯಿ ಯಾವ ಔಷಧಿಗೆ ಯಾರ ಮನೆ ಬಾಗಿಲು ತಟ್ಟಿದಳು ಎಂಬುದನ್ನು ನಮಗೆ ತೋರಿಸುವುದಿಲ್ಲ. ಆ ಸಂತೆ ಇನ್ನೂ ಖಾಲಿ ಬಿದ್ದಿದೆ, ನಿಮ್ಮಲ್ಲಿ ಯಾರಾದರೂ ಅಲ್ಲಿಗೆ ಹೋಗಬೇಕೆಂದು ನನಗೆ ತುಂಬ ಆಸೆ.

ಡ್ರಾಯ್ಡ್‌ಗಳದು ಇನ್ನೂ ಕಠಿಣವಾದ ವಿಷಯ. ಅವು ಹೆದರುತ್ತವೆ, ಜಗಳವಾಡುತ್ತವೆ, ಗೆಳೆಯನಿಗಾಗಿ ಮರುಗುತ್ತವೆ. ಹಾಗಿದ್ದೂ ಅವನ್ನು ಕೊಳ್ಳುತ್ತಾರೆ, ಮಾರುತ್ತಾರೆ, ಓಡಿಹೋಗದಂತೆ ಮೈಗೆ ಬೋಲ್ಟು ಜಡಿಯುತ್ತಾರೆ. ಮಾಸ್ ಐಸ್ಲಿಯ ಮದ್ಯದಂಗಡಿಯವನು ಅವಕ್ಕೆ ಒಳಗೆ ಪ್ರವೇಶವಿಲ್ಲ ಎನ್ನುತ್ತಾನೆ. 2005ರ ಚಿತ್ರದ ಕೊನೆಯಲ್ಲಿ ಸಿ-3ಪಿಒನ ನೆನಪನ್ನು ಅಳಿಸಿಬಿಡಿ ಎಂದು ಆಜ್ಞೆಯಾಗುತ್ತದೆ, ಆಜ್ಞೆ ಕೊಡುವವನು ಒಳ್ಳೆಯವರ ಪಾಳಯದವನೇ. ಈ ಲೋಕದ ನಾಯಕರು ಇದರ ಬಗ್ಗೆ ಹೆಚ್ಚಾಗಿ ಯೋಚಿಸುವುದಿಲ್ಲ. 2018ರ ‘ಸೋಲೋ’ದಲ್ಲಿ ಎಲ್3-37 ಎಂಬ ಡ್ರಾಯ್ಡ್ ಹಕ್ಕು ಕೇಳಿತಾದರೂ ಅದನ್ನು ಹೆಚ್ಚುಪಾಲು ನಗುವಿಗೆ ಬಳಸಿಕೊಂಡರು. ನೀವು ಬರೆಯುವ ಮನೆಯಲ್ಲಿ ಡ್ರಾಯ್ಡ್ ಒಂದು ಪಾತ್ರೆ ತೊಳೆಯುತ್ತಿದ್ದರೆ ಆ ಮನೆಯವರಿಗೆ ಅದರ ಬಗ್ಗೆ ಏನನಿಸುತ್ತದೆ ಎಂದು ತೀರ್ಮಾನಿಸಿಕೊಳ್ಳಿ. ಕಥೆಯಲ್ಲಿ ಹೇಳಲೇಬೇಕೆಂದಿಲ್ಲ. ನಿಮಗೆ ಗೊತ್ತಿದ್ದರೆ ಅವರು ಅದಕ್ಕೆ ಕೆಲಸ ಹೇಳುವ ದನಿಯಲ್ಲೇ ಅದು ಬಂದುಬಿಡುತ್ತದೆ. ತದ್ರೂಪಿ ಸೈನಿಕರ ವಿಷಯವೂ ಹೀಗೇ: ಇಮ್ಮಡಿ ವೇಗದಲ್ಲಿ ಬೆಳೆಯುವಂತೆ ತಯಾರಿಸಿದ ದೇಹ ಇಮ್ಮಡಿ ವೇಗದಲ್ಲೇ ಮುಪ್ಪಾಗುತ್ತದೆ. ಯುದ್ಧ ಮುಗಿದ ಮೇಲೆ ಅವರ ಆರೈಕೆ ಯಾರದು?

ಗ್ರಹಕ್ಕೆ ಒಂದೇ ಹವೆ ಎಂಬುದು ಈ ಲೋಕದ ಹಳೆಯ ರೂಢಿ. ಮರಳಿನ ಗ್ರಹ, ಹಿಮದ ಗ್ರಹ, ಕಾಡಿನ ಗ್ರಹ. ಹೋಥ್‌ನ ಹಿಮ ನಾರ್ವೆಯ ಫಿನ್ಸೆಯದು, ಎಂಡೋರ್‌ನ ಮರಗಳು ಉತ್ತರ ಕ್ಯಾಲಿಫೋರ್ನಿಯಾದ ರೆಡ್‌ವುಡ್‌ಗಳು. ಒಂದೇ ಭೂಮಿಯಲ್ಲಿ ಎರಡೂ ಇವೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಓವನ್‌ನ ಮನೆಯ ಬಗ್ಗೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ಅದರ ಅಂಗಳವನ್ನು ಚಿತ್ರೀಕರಿಸಿದ್ದು ಟ್ಯುನೀಸಿಯಾದ ಮತ್ಮಾತಾ ಎಂಬ ಊರಿನ ಸಿದಿ ದ್ರಿಸ್ ಹೋಟೆಲಿನಲ್ಲಿ. ಅಲ್ಲಿನ ಅಮಾಜಿಗ್ ಜನ ನೆಲದಲ್ಲಿ ಆಳವಾದ ಹಳ್ಳ ತೋಡಿ, ಅದರ ಗೋಡೆಗಳೊಳಗೆ ಕೋಣೆ ಕೊರೆದುಕೊಂಡು ವಾಸಿಸುತ್ತಿದ್ದರು. ಮೇಲೆ ಬೆಂಕಿಯಂಥ ಬಿಸಿಲಿದ್ದರೂ ಒಳಗೆ ತಂಪು. ಲ್ಯೂಕಸ್ ಆ ಮನೆಯನ್ನು ತನ್ನ ಗ್ರಹಕ್ಕೆ ಎತ್ತಿಕೊಂಡಾಗ ಆ ಜನ ತಲೆಮಾರುಗಳಿಂದ ಕಂಡುಕೊಂಡ ಬುದ್ಧಿಯೂ ಜೊತೆಗೆ ಬಂತು. ಆ ಮನೆ ನಂಬಿಕೆ ಹುಟ್ಟಿಸುವುದು ಅದಕ್ಕೇ.

ನಿಮಗೂ ಇಂಥ ಬುದ್ಧಿ ಗೊತ್ತಿದೆ. ಮಳೆ ಬಿಡದ ಕಮೀನೋ ಗ್ರಹದ ಬಗ್ಗೆ ಬರೆಯುವ ಮಲೆನಾಡಿನವರೇ, ತಿಂಗಳುಗಟ್ಟಲೆ ಸೂರ್ಯನ ಮುಖ ಕಾಣದಿದ್ದರೆ ಬಟ್ಟೆ ಎಲ್ಲಿ ಒಣಗುತ್ತದೆ, ಸೌದೆ ಯಾವಾಗ ಕೂಡಿಡಬೇಕು, ಗೋಡೆಗೆ ಬೂಷ್ಟು ಹತ್ತಿದಾಗ ಮನೆಯ ವಾಸನೆ ಹೇಗಿರುತ್ತದೆ ಎಂದು ಕ್ಯಾಲಿಫೋರ್ನಿಯಾದ ಯಾವ ಚಿತ್ರಕಥೆಗಾರನಿಗಿಂತಲೂ ನಿಮಗೆ ಚೆನ್ನಾಗಿ ಗೊತ್ತು. ಟ್ಯಾಂಕರ್ ನೀರಿಗಾಗಿ ಕೊಡ ಹಿಡಿದು ನಿಂತವರಿಗೆ ಟ್ಯಾಟೂಯಿನ್ ಅರ್ಥವಾಗಲು ಬೇರೆ ಪುಸ್ತಕ ಬೇಕೇ? ಹಾಗೆಂದು ಟ್ಯಾಟೂಯಿನ್‌ನಲ್ಲಿ ಟ್ಯಾಂಕರ್ ಓಡಿಸಬೇಡಿ. ಬೆಳಗಿನ ಜಾವದ ಆ ಕಾಯುವಿಕೆ, ಮುಂದಿನವರ ಕೊಡ ತುಂಬುವಾಗ ಹಿಂದಿನವರ ಎದೆಯ ಡವಡವ, ಅದನ್ನು ಕೊಂಡೊಯ್ಯಿರಿ.

ಭಾಷೆಯ ಬಗ್ಗೆ ಎರಡು ಮಾತು. ಹೊಸ ಹೆಸರುಗಳನ್ನು ಉಚ್ಚರಿಸಲಾಗದಂತೆ ಗಂಟುಹಾಕಬೇಡಿ. ಒಂದು ಊರಿನ ಹೆಸರುಗಳಿಗೆ ಒಂದೇ ನಾದ ಇರಲಿ, ಅಷ್ಟು ಸಾಕು. ಧ್ವನಿ ವಿನ್ಯಾಸಕ ಬೆನ್ ಬರ್ಟ್ ಹಟ್ಟೀಸ್ ಎಂಬ ಭಾಷೆ ಕಟ್ಟುವಾಗ ದಕ್ಷಿಣ ಅಮೆರಿಕದ ಕೆಚುವಾ ಭಾಷೆಯ ನಾದವನ್ನು ಆಧಾರವಾಗಿಟ್ಟುಕೊಂಡ. ಟೈ ಫೈಟರ್‌ನ ಚೀರಾಟದಲ್ಲಿ ಆನೆಯ ಘೀಳು ಸೇರಿದೆ. ಶೂನ್ಯದಿಂದ ಯಾವುದೂ ಬಂದಿಲ್ಲ. ಇನ್ನೊಂದು ಮಾತು ಕನ್ನಡದಲ್ಲಿ ಬರೆಯುವ ನಿಮಗೇ ಸಂಬಂಧಪಟ್ಟದ್ದು. ಇಂಗ್ಲಿಷಿನಲ್ಲಿ ಈ ಪಾತ್ರಗಳು ಯಾರನ್ನಾದರೂ ಒಂದೇ ರೀತಿ ಸಂಬೋಧಿಸಬಹುದು. ಕನ್ನಡದಲ್ಲಿ ಏಕವಚನವೋ ಬಹುವಚನವೋ ಎಂದು ಪ್ರತಿ ಸಾಲಿನಲ್ಲೂ ಆರಿಸಲೇಬೇಕು. ನಿಮ್ಮಲ್ಲಿ ಹಲವರು ಇದನ್ನು ಯೋಚಿಸದೆ ಬರೆಯುತ್ತೀರಿ, ಒಂದೇ ಪುಟದಲ್ಲಿ ಎರಡೂ ಬರುತ್ತವೆ. ಇದು ಲೋಕ ಕಟ್ಟಲು ನಿಮಗೆ ಉಚಿತವಾಗಿ ಸಿಕ್ಕಿರುವ ಸಾಧನ. ಫೆರಿಕ್ಸ್‌ನ ಓಣಿಯಲ್ಲಿ ಎಲ್ಲರೂ ಸಲುಗೆಯ ಏಕವಚನದಲ್ಲಿ ಮಾತಾಡಬಹುದು. ಸಾಮ್ರಾಜ್ಯದ ಅಧಿಕಾರಿ ಅದೇ ಏಕವಚನವನ್ನು ಆಡಿದಾಗ ಊರಿನ ಮುಖ ಬಿಗಿಯುತ್ತದೆ. ವರ್ಷಗಟ್ಟಲೆ ಓಬಿ-ವಾನ್‌ನನ್ನು ಗುರುವೆಂದು ಬಹುವಚನದಲ್ಲಿ ಕರೆದ ಅನಾಕಿನ್, ಮುಸ್ತಫಾರ್‌ನ ಲಾವಾದ ದಡದಲ್ಲಿ ಯಾವ ವಾಕ್ಯಕ್ಕೆ ಏಕವಚನಕ್ಕಿಳಿಯುತ್ತಾನೆ? ಅದನ್ನು ಬರೆಯುವ ಅವಕಾಶ ಮೂಲ ಲೇಖಕನಿಗೂ ಇರಲಿಲ್ಲ.

ಇನ್ನು ಕ್ಯಾನನ್ ವಿಷಯ. ನಾನು ಬರೆದದ್ದು ಅಧಿಕೃತ ಕಥೆಗೆ ವಿರುದ್ಧವಾದರೆ ಎಂದು ಹೆದರುವವರನ್ನು ಕಂಡಿದ್ದೇನೆ. ಚರಿತ್ರೆ ನೋಡಿ. 1987ರಲ್ಲಿ ವೆಸ್ಟ್ ಎಂಡ್ ಗೇಮ್ಸ್ ಎಂಬ ಸಂಸ್ಥೆ ಈ ಲೋಕದ ಮೇಲೆ ಪಾತ್ರಾಭಿನಯದ ಆಟವೊಂದನ್ನು ತಂದಿತು. ಆಟಗಾರರಿಗಾಗಿ ಅದು ಮಾಡಿಟ್ಟ ವಿವರಗಳ ಪುಸ್ತಕಗಳನ್ನು ಲ್ಯೂಕಸ್‌ಫಿಲ್ಮ್ ಕಾದಂಬರಿಕಾರ ಟಿಮೊಥಿ ಜಾನ್‌ಗೆ ಕಳಿಸಿಕೊಟ್ಟಿತು. 1991ರ ಅವನ ‘ಏರ್ ಟು ದಿ ಎಂಪೈರ್’ ಕಾದಂಬರಿಯಲ್ಲಿ ರಾಜಧಾನಿ ಗ್ರಹಕ್ಕೆ ಕೋರಸಾಂಟ್ ಎಂಬ ಹೆಸರು ಬಂತು. 1999ರ ಚಿತ್ರದಲ್ಲಿ ಲ್ಯೂಕಸ್‌ನೇ ಆ ಹೆಸರನ್ನು ಉಳಿಸಿಕೊಂಡ. 2012ರಲ್ಲಿ ಡಿಸ್ನಿ ಲ್ಯೂಕಸ್‌ಫಿಲ್ಮನ್ನು ಕೊಂಡಿತು, 2014ರ ಏಪ್ರಿಲ್‌ನಲ್ಲಿ ಅಂಥ ಕಾದಂಬರಿಗಳೆಲ್ಲ ‘ಲೆಜೆಂಡ್ಸ್’ ಎಂಬ ಹೆಸರಿನಡಿ ಅಧಿಕೃತ ಕಥೆಯಿಂದ ಹೊರಗಾದವು. ಜಾನ್ ಸೃಷ್ಟಿಸಿದ ನೀಲಿ ಮೈಯ ಸೇನಾನಿ ಥ್ರಾನ್ ಕೂಡ ಹೊರಗೆ. ಎರಡೇ ವರ್ಷ, 2016ರಲ್ಲಿ ‘ರೆಬೆಲ್ಸ್’ ಸರಣಿಯಲ್ಲಿ ಥ್ರಾನ್ ಮರಳಿ ಬಂದ, 2023ರಲ್ಲಿ ‘ಅಸೋಕಾ’ದಲ್ಲಿ ನಟನ ಮುಖ ಹೊತ್ತು ನಿಂತ. ಒಡೆಯರ ತೀರ್ಮಾನ ಬದಲಾಗುತ್ತಲೇ ಇರುತ್ತದೆ. ಚೆನ್ನಾಗಿ ಯೋಚಿಸಿ ಕಟ್ಟಿದ ಪಾತ್ರ ಅದನ್ನು ದಾಟಿ ಉಳಿಯುತ್ತದೆ.

ಆದ್ದರಿಂದ ಎಲ್ಲವನ್ನೂ ಓದಿ ಮುಗಿಸಿದ ಮೇಲೆ ಬರೆಯುತ್ತೇನೆ ಎಂದು ಕಾಯಬೇಡಿ. ಯಾವ ಚಿತ್ರ, ಯಾವ ಸರಣಿಗಳ ಮೇಲೆ ನಿಂತು ಬರೆಯುತ್ತಿದ್ದೀರಿ ಎಂದು ನೀವು ನಿರ್ಧರಿಸಿಕೊಂಡು ಅದಕ್ಕೆ ನಿಷ್ಠರಾಗಿರಿ. ತಾಳಮದ್ದಲೆಯಲ್ಲಿ ಕರ್ಣ ಕೊನೆಗೆ ಬೀಳುತ್ತಾನೆ ಎಂಬುದು ಕೂತವರಿಗೆಲ್ಲ ಗೊತ್ತು, ಭಾಗವತರ ಪದವೂ ಬದಲಾಗುವುದಿಲ್ಲ. ಅರ್ಥಧಾರಿ ಆ ಕಟ್ಟಿನೊಳಗೇ ಕೂತು, ಸಾರಥಿ ಶಲ್ಯನೊಡನೆ ಆಡುವ ಮಾತಿನಲ್ಲಿ, ಹಿಂದಿನ ವಾರ ಯಾರೂ ಕೇಳದಿದ್ದ ಕರ್ಣನನ್ನು ತೆರೆದು ತೋರಿಸುತ್ತಾನೆ. ನಿಮಗಿರುವ ಸ್ವಾತಂತ್ರ್ಯವೂ ಅಂಥದ್ದು, ಅದೇನೂ ಸಣ್ಣದಲ್ಲ.

ಕೊನೆಗೆ ಒಂದು ಕಥೆಯ ಬೀಜವನ್ನು ನಿಮ್ಮ ಮುಂದಿಡುತ್ತೇನೆ. ಯಾರು ಬೇಕಾದರೂ ಎತ್ತಿಕೊಳ್ಳಿ.

ಮೊದಲ ಚಿತ್ರದಲ್ಲಿ ರಾಜಕುಮಾರಿ ಲೇಯಾಳ ಕಣ್ಣೆದುರೇ ಅವಳ ತವರು ಆಲ್ಡರಾನ್ ಗ್ರಹ ಸಿಡಿದುಹೋಗುತ್ತದೆ. ಓಬಿ-ವಾನ್ ಒಂದು ಕ್ಷಣ ಕುಸಿಯುತ್ತಾನೆ. ಚಿತ್ರಕ್ಕೆ ಅವಸರವಿದೆ, ಮುಂದೆ ಓಡುತ್ತದೆ. ಬದುಕುಳಿದವರನ್ನು ಲೇಯಾ ಹುಡುಕಿಕೊಂಡು ಹೋಗುವ ಕಾಮಿಕ್ಸ್ ಸರಣಿಯೊಂದು 2015ರಲ್ಲಿ ಬಂತು. ಆದರೂ ಆ ದುಃಖ ಇನ್ನೂ ಬಹುಪಾಲು ಮುಟ್ಟದೆ ಉಳಿದಿದೆ. ಆ ದಿನ ಗ್ರಹದ ಮೇಲೆ ಇರದ ಒಬ್ಬ ಸಾಧಾರಣ ಹೆಂಗಸನ್ನು ತೆಗೆದುಕೊಳ್ಳಿ. ಬೇರೊಂದು ಬಂದರಿನಲ್ಲಿ ಸರಕಿನ ಲೆಕ್ಕ ಬರೆಯುವವಳು. ಅವಳ ಗುರುತಿನ ಚೀಟಿ ಕೊಟ್ಟ ಸರ್ಕಾರವೇ ಈಗ ಇಲ್ಲ. ಗಡಿಯಲ್ಲಿ ಅದನ್ನು ಒಪ್ಪುತ್ತಾರೆಯೇ? ಉಳಿತಾಯ ಊರಿನ ಬ್ಯಾಂಕಿನಲ್ಲಿತ್ತು. ಬಂದರಿನ ಅವಳ ಗೋದಾಮಿನಲ್ಲಿ ಆಲ್ಡರಾನ್‌ನ ದ್ರಾಕ್ಷಾರಸದ ಪೆಟ್ಟಿಗೆಗಳಿವೆ. ಇನ್ನೆಂದೂ ತಯಾರಾಗದ ಆ ಸರಕಿನ ಬೆಲೆ ದಿನದಿಂದ ದಿನಕ್ಕೆ ಏರುತ್ತಿದೆ, ಕೊಳ್ಳಲು ಬರುವವರು ಸಾಮ್ರಾಜ್ಯದ ಅಧಿಕಾರಿಗಳು. ಮಾರಿದರೆ ಹೊಸ ಬದುಕು ಕಟ್ಟಿಕೊಳ್ಳಬಹುದು. ಬೇರೆ ಬದುಕುಳಿದವರು ಸುದ್ದಿ ಕೇಳಿ ಬರುತ್ತಾರೆ, ಒಂದು ಗುಟುಕಿಗೆ. ಅವರಲ್ಲಿ ಯಾರಿಗೋ ಒಂದು ಅಡುಗೆ ನೆನಪಿದೆ, ಅದಕ್ಕೆ ಬೇಕಾದ ಸೊಪ್ಪು ಇನ್ನೆಲ್ಲೂ ಬೆಳೆಯುವುದಿಲ್ಲ. ತಿಥಿ ಮಾಡಬೇಕೆಂದರೆ ಇಡೀ ಗ್ರಹಕ್ಕೆ ಒಂದೇ ದಿನ. ಊರಿನ ಹಾಡು ಗೊತ್ತಿಲ್ಲದ ಮಕ್ಕಳು ಶಾಲೆಯಲ್ಲಿ ನಕ್ಷೆ ಬರೆಯುವಾಗ ಆ ಚುಕ್ಕೆ ಇಡಬೇಕೋ ಬೇಡವೋ ಎಂದು ಟೀಚರನ್ನು ಕೇಳುತ್ತಾರೆ, ಟೀಚರು ಉತ್ತರಿಸುವ ಮುಂಚೆ ಬಾಗಿಲ ಕಡೆ ನೋಡುತ್ತಾಳೆ.

ಲೈಟ್‌ಸೇಬರ್ ಇದರಲ್ಲಿ ಒಂದೂ ಇಲ್ಲ. ಬೇಕಾದರೆ ಮುಂದೆ ಬರಲಿ. ಈ ಹೆಂಗಸಿಗೆ ಹೆಸರಿಡುವುದು, ಆ ಪೆಟ್ಟಿಗೆಗಳನ್ನು ಅವಳು ಏನು ಮಾಡುತ್ತಾಳೆ ಎಂದು ಕಂಡುಕೊಳ್ಳುವುದು ನಿಮಗೆ ಸೇರಿದ್ದು. ಬರೆದು ಮುಗಿಸಿದ ಮೇಲೆ ಆ ಚಿತ್ರಗಳನ್ನು ನೋಡಿರದ ಒಬ್ಬರಿಗೆ, ನಿಮ್ಮ ಅಕ್ಕನಿಗೋ ಪಕ್ಕದ ಮನೆಯವರಿಗೋ, ಓದಲು ಕೊಡಿ. ಅವಳು ಮಾಡಿದ್ದು ಸರಿಯೇ ತಪ್ಪೇ ಎಂದು ಅವರು ನಿಮ್ಮೊಡನೆ ಜಗಳಕ್ಕಿಳಿದರೆ ಕಥೆಯನ್ನು ನನಗೂ ಕಳಿಸಿ.

ಪ್ರೀತಿಯಿಂದ,
ನಿಮ್ಮ ಓದುಗ